ಅರ್ಧ ಇಲ್ಲಿ, ಅರ್ಧ ಅಲ್ಲಿ

ಬೆಳಗಿನ ಐದೂವರೆ. ಹೊರಗಿನ ರಸ್ತೆಯಲ್ಲಿ ಲಾರಿಗಳು ಓಡಾಡಿ ನೆಲ ಅದುರುವ ಮೊದಲೇ ಎಲ್ಲರೂ ‘ಸುತ್ತಿಗೆ ಅಕ್ಕ’ ಎಂದು ಕರೆಯುವ ಅಕ್ಕನ ಕೆಲಸ ಶುರುವಾಗಬೇಕು. ಕಂಪನ ಪರೀಕ್ಷೆಯ ಶೆಡ್ಡಿನಲ್ಲಿ, ಬಸ್ಸಿನ ಎಂಜಿನ್ ಕೂರುವ ಉಕ್ಕಿನ ಚೌಕಟ್ಟು ನಾಲ್ಕು ರಬ್ಬರ್ ಹಗ್ಗಗಳಲ್ಲಿ ತೂಗುತ್ತಿದೆ. ಅದಕ್ಕೆ ಬಟಾಣಿಯಷ್ಟೇ ದಪ್ಪದ ಸೆನ್ಸರನ್ನು ಮೇಣದಿಂದ ಅಂಟಿಸಿ, ಅಕ್ಕ ಪುಟ್ಟ ಸುತ್ತಿಗೆಯಿಂದ ಟಕ್ಕೆಂದು ಒಂದೇಟು ಕೊಡುತ್ತಾರೆ. ಕಣ್ಣು ಕಂಪ್ಯೂಟರಿನ ಮೇಲೆ.

"ಮುಟ್ಟಿ ಬಿಡ್ಬೇಕು, ಅಷ್ಟೇ. ಸುತ್ತಿಗೆ ಪುಟಿದು ಎರಡು ಸಲ ತಾಗಿದ್ರೆ ಆ ಏಟು ದಂಡ. ಇಪ್ಪತ್ತೊಂದು ವರ್ಷದಿಂದ ಈ ಕೈಗೆ ಬುದ್ಧಿ ಹೇಳ್ತಾನೇ ಇದೀನಿ."

ನಲವತ್ತು ಜಾಗ, ಜಾಗಕ್ಕೆ ಐದೈದು ಏಟು, ದಿನಕ್ಕೆ ಇನ್ನೂರು. ಇಷ್ಟು ಮಾಡಿದರೂ ಅವರ ಪಾಲಿಗೆ ಸಿಗುವುದು ಅರ್ಧವೇ. ಇನ್ನರ್ಧವಾದ ಎಂಜಿನ್, ರೈಲಿನಲ್ಲಿ ಹದಿನಾಲ್ಕು ಗಂಟೆ ದೂರದ ಊರಿನ ಶೆಡ್ಡಿನಲ್ಲಿದೆ. ಅಲ್ಲಿ ಸುತ್ತಿಗೆ ಹಿಡಿದಿರುವವರು ಅಕ್ಕನ ಯಜಮಾನರು. ಎರಡೂ ಕಡೆ ಇರುವುದು ಒಂದೊಂದೇ ಹುದ್ದೆ. ಇಬ್ಬರ ಅಳತೆಗಳನ್ನೂ ಕಂಪ್ಯೂಟರ್ ಜೋಡಿಸಿ, ಎರಡು ಭಾಗ ಸೇರಿದರೆ ಹೇಗೆ ನಡುಗುತ್ತವೆ ಎಂದು ಮುಂಚೆಯೇ ಹೇಳುತ್ತದೆ. ಭಾಗಗಳನ್ನು ಒಂದೆಡೆ ತರುವ ಗೋಜೇ ಇಲ್ಲ.

ಅಕ್ಕನ ಸಂಕಟ ಇರುವುದೇ ಇಲ್ಲಿ. ಅಳತೆ ಸರಿಯಿದ್ದರೆ ಎಂಜಿನ್ ಅಲ್ಲೇ, ಯಜಮಾನರೂ ಅಲ್ಲೇ. ಎಡವಟ್ಟಾದರೆ ಮಾತ್ರ, ಎರಡನ್ನೂ ನಿಜವಾಗಿ ಜೋಡಿಸಿ ನೋಡಲು ಎಂಜಿನ್ ಲಾರಿ ಹತ್ತಿ ಇಲ್ಲಿಗೆ ಬರುತ್ತದೆ, ಅದರ ಹಿಂದೆ ಅವರೂ. ರಜೆಗೆ ಬಂದರೆ ಎರಡು ದಿನ, ಎಂಜಿನ್ ಜೊತೆ ಬಂದರೆ ಮೂರು ವಾರ! ಇಬ್ಬರೂ ಹೀಗೆ ದೂರವಿರುವ ಒಂಬತ್ತು ವರ್ಷದಲ್ಲಿ ಹಾಗಾದದ್ದು ಎರಡೇ ಸಲ.

"ಒಂದ್ಸಲ ನನ್ನ ಮೇಣ ಬಿಟ್ಟಿತ್ತು, ಇನ್ನೊಂದ್ಸಲ ಅವ್ರ ವೈರು. ನಾನು ಈ ಕಡೆಯಿಂದ ಬೋಲ್ಟ್ ಹಿಡ್ಕೊಂಡೆ, ಅವ್ರು ಆ ಕಡೆಯಿಂದ ನಟ್ ತಿರುಗಿಸಿದ್ರು. ಸಂಸಾರ ಅಂದ್ರೆ ಅದು ನೋಡಿ," ಎಂದು ನಗುತ್ತಾರೆ. ನಗು ಬೇಗ ಆರುತ್ತದೆ.

"ಹಾಗಾದ್ರೆ ಒಂದೆರಡು ಏಟು ತಪ್ಪಿಸಿಬಿಡಿ ಅಕ್ಕಾ," ಎಂದು ಪಕ್ಕದಲ್ಲಿ ನಿಂತು ನೋಡುತ್ತಿರುವ ನಾನು ಕೀಟಲೆ ಮಾಡುತ್ತೇನೆ. ಅವರು ಸುತ್ತಿಗೆ ಬೀಸುತ್ತಾರೆ. ಅದು ಪುಟಿಯುತ್ತದೆ. ಪರದೆಯ ಮೇಲಿನ ಗೆರೆಯಲ್ಲಿ ಒಂದರ ಪಕ್ಕ ಇನ್ನೊಂದು ಮೊನೆ, ಎರಡೇಟು. ಅಕ್ಕ ಅದನ್ನು ನೋಡುತ್ತಾ ನಿಲ್ಲುತ್ತಾರೆ. ನನಗೆ ಕೀಟಲೆ ಮಾಡಬಾರದಿತ್ತು ಅನ್ನಿಸುತ್ತದೆ. ಆಮೇಲೆ ಅವರೇ ಅದನ್ನು ಅಳಿಸುತ್ತಾರೆ.

"ಬರ್ಲಿ ಅಂತ ಜೀವ ಹೊಡ್ಕೊಳ್ಳುತ್ತೆ. ಆದ್ರೆ ಸುಳ್ಳೇಟು ಹೊಡೆದು ಕರೆಸ್ಕೊಂಡ್ರೆ, ಬಂದವ್ರ ಮುಖ ಹೇಗೆ ನೋಡ್ಲಿ?"

ಮತ್ತೆ ಸುತ್ತಿಗೆ ಎತ್ತುತ್ತಾರೆ. ಟಕ್. ಪರದೆಯ ಮೇಲೆ ಒಂದೇ ಮೊನೆ.

"ಸರಿಯಾಗೇ ಬಿತ್ತು," ಎಂದು ಅಕ್ಕ ನಿಟ್ಟುಸಿರು ಬಿಡುತ್ತಾರೆ.