ಸೊರಗಿದ್ದಾಳೆ ಅನ್ನಬೇಕು

ಮೊನ್ನೆ ನ್ಯಾಮತಿಯ ಬಸ್ ನಿಲ್ದಾಣದಲ್ಲಿ ಹೊನ್ನಾಳಿ ಬಸ್ಸಿಗಾಗಿ ಕಾಯುತ್ತಿದ್ದೆ. ಪಕ್ಕದ ಬೆಂಚಿನ ಮೇಲೆ ಒಬ್ಬ ಹುಡುಗ ತಾಯಿಯ ಜೊತೆ ಕೂತಿದ್ದ. ಶರ್ಟಿನ ಗುಂಡಿಗಳು ಎಷ್ಟು ಕಷ್ಟಪಟ್ಟು ಹಿಡಿದುಕೊಂಡಿದ್ದವೆಂದರೆ, ಅವನಿಗೊಂದು ಸೀನು ಬಂದರೆ ಒಂದಾದರೂ ಸಿಡಿದು ನನ್ನ ಕನ್ನಡಕಕ್ಕೆ ಬಡಿಯುವುದು ಖಾತ್ರಿ ಅನ್ನಿಸಿತು. ಕೈಯಲ್ಲಿ ಚಿಪ್ಸ್ ಪೊಟ್ಟಣ. ಅಷ್ಟರಲ್ಲಿ ಬಸ್ಸಿಳಿದು ಬಂದ ಹೆಂಗಸೊಬ್ಬರು, ಅವರ ಬಳಗದವರೇ ಇರಬೇಕು, ಹುಡುಗನ ಗಲ್ಲ ಹಿಡಿದು, "ಯಾಕಲೇ ಮಗನೆ, ಹಿಂಗೆ ಸೊರಗಿಬಿಟ್ಟೀಯಲ್ಲೋ" ಅಂದರು.

"ಏನೂ ತಿನ್ನಾದಿಲ್ಲ ಅಕ್ಕಾ, ಹೇಳ್ರಿ ನೀವಾದ್ರೂ" ಎಂದಳು ತಾಯಿ.

ಹುಡುಗ ಇನ್ನೊಂದು ಹಿಡಿ ಬಾಯಿಗೆ ತುಂಬಿಕೊಂಡ.

ನಿಮಗೆ ನಗು ಬಂದಿರಬಹುದು. ನನಗೂ ಬರಬೇಕಿತ್ತು. ಆದರೆ ನಾನು ಆ ಹುಡುಗನ ಎದೆಯನ್ನೇ ನೋಡುತ್ತ ನಿಂತುಬಿಟ್ಟೆ, ಉಸಿರು ಸರಿಯಾಗಿ ಆಡುತ್ತಿದೆಯೇ ಎಂದು. ಕಂಡಕ್ಟರು "ಹೊನ್ನಾಳಿ, ಹೊನ್ನಾಳಿ" ಅಂದದ್ದು ಕೇಳಿಸಿತು. ಬಸ್ಸು ಹೊರಟುಹೋದದ್ದೂ ಕಂಡಿತು. ಕಾಲು ಮಾತ್ರ ಏಳಲಿಲ್ಲ.

ನಮ್ಮ ಕಡೆ ಮಕ್ಕಳನ್ನು ದಪ್ಪಗಿವೆ ಅನ್ನುವಂತಿಲ್ಲ. ಅಂದರೆ ದೃಷ್ಟಿಯಾಗುತ್ತದೆ. ಕೂಸು ರುಬ್ಬುಗುಂಡಿನ ಹಾಗಿದ್ದರೂ ಎತ್ತಿಕೊಂಡು, ತೋಳು ನೋಯುತ್ತಿದ್ದರೂ ತೋರಿಸಿಕೊಳ್ಳದೆ, "ಎಷ್ಟು ಸೊರಗ್ಯಾಳೆ" ಅನ್ನಬೇಕು. ಹೇಳುವವರಿಗೂ ಗೊತ್ತು, ಕೇಳುವವರಿಗೂ ಗೊತ್ತು. ಅದು ಸುಳ್ಳಲ್ಲ, ಮರ್ಯಾದೆ. ನಾನು ಚಿಕ್ಕವಳಿದ್ದಾಗ ಜಗಳೂರಿನಲ್ಲಿ ಈ ಮಾತಿನಿಂದ ಯಾರಿಗೂ ನಷ್ಟವಿರಲಿಲ್ಲ. ನಮ್ಮ ಶಾಲೆಗೆಲ್ಲ ಸೇರಿ ದಪ್ಪಗಿದ್ದವನು ಒಬ್ಬನೇ, ಕಿರಾಣಿ ಅಂಗಡಿಯವರ ಮಗ. ಉಳಿದವರು ನಿಜವಾಗಿಯೂ ಸೊರಗಿದವರೇ. ಯಾರಾದರೂ ನೆಂಟರು ಬಂದು ನನ್ನನ್ನು ಹಾಗೆಂದರೆ ಅವ್ವ ಅಂದು ರೊಟ್ಟಿಗೆ ಒಂದಿಷ್ಟು ಬೆಣ್ಣೆ ಹೆಚ್ಚಿಗೆ ಸವರುತ್ತಿದ್ದಳು. ಆ ಬೆಣ್ಣೆ ಸಂಜೆಯೊಳಗೆ ಬಿಳಿಚೋಡು ರಸ್ತೆಯ ಧೂಳಿನಲ್ಲಿ ಕುಂಟೆಬಿಲ್ಲೆಯಾಗಿ ಕರಗಿಹೋಗುತ್ತಿತ್ತು.

ನನ್ನ ಅಣ್ಣನ ಮಗಳು ಸಿಂಚನ ಬೆಳೆದದ್ದು ದಾವಣಗೆರೆಯಲ್ಲಿ, ಮೂರನೇ ಮಹಡಿಯ ಮನೆಯಲ್ಲಿ. ಶಾಲೆಯ ವ್ಯಾನು ಗೇಟಿಗೇ ಬರುತ್ತಿತ್ತು. ಶಾಲೆ ಬಿಟ್ಟ ಮೇಲೆ ಟ್ಯೂಷನ್. ಟ್ಯೂಷನ್ ಕೆಳಗೇ ಬೇಕರಿ, ಬೇಕರಿ ಪಕ್ಕದಲ್ಲೇ ಗೋಬಿ ಗಾಡಿ. ಆಡುವುದಕ್ಕೆ ಇದ್ದ ಖಾಲಿ ಸೈಟಿನಲ್ಲಿ ಈಗ ಕಾರು ನಿಲ್ಲುತ್ತವೆ. ಅವಳೊಬ್ಬಳದೇ ಕಥೆಯಲ್ಲ ಇದು, ಅವಳ ವ್ಯಾನಿನಲ್ಲಿ ಮೊದಲು ನಾಲ್ಕು ಮಕ್ಕಳು ಕೂರುತ್ತಿದ್ದ ಸೀಟಿನಲ್ಲಿ ಆಮೇಲೆ ಮೂವರು ಕೂತು ಜಗಳವಾಡುತ್ತಿದ್ದರಂತೆ. ಆದರೂ ಅವಳನ್ನು ಕಂಡವರೆಲ್ಲ ಆಡುವುದು ಅದೇ ಹಳೆಯ ಮಾತು. ಅತ್ತಿಗೆಯ ತವರು ಚನ್ನಗಿರಿ ತಾಲ್ಲೂಕಿನ ನಲ್ಲೂರು. ಅಲ್ಲಿ ಒಂದು ನಾಮಕರಣಕ್ಕೆ ಹೋದಾಗ ಪಂಕ್ತಿಯುದ್ದಕ್ಕೂ ಒಬ್ಬರಾದ ಮೇಲೊಬ್ಬರು "ಸೊರಗ್ಯಾಳೆ, ಸೊರಗ್ಯಾಳೆ" ಅಂದು ಅವಳ ಎಲೆಗೆ ಹೋಳಿಗೆ ಹಾಕಿಸಿದರು. ಮಾರನೇ ದಿನ ಸೂಳೆಕೆರೆ ನೋಡಲು ಹೋದೆವು. ಏರಿಯ ಮೇಲೆ ಹತ್ತಲಾರದೆ ಅವಳು ಅರ್ಧದಲ್ಲೇ ಕೂತಳು. "ಬಿಸಿಲು" ಎಂದು ನಾವೆಲ್ಲ ಒಪ್ಪಿಕೊಂಡೆವು. ಹೊತ್ತು ಮುಳುಗುತ್ತಿತ್ತು.

ಆ ಬೇಸಿಗೆ ರಜೆಗೆ ಅತ್ತಿಗೆ ಅವಳನ್ನು ಕರೆದುಕೊಂಡು ಜಗಳೂರಿಗೆ, ಅವ್ವನ ಮನೆಗೆ ಬಂದರು. ನಾನು ಹೊನ್ನಾಳಿಯಲ್ಲಿ ಕಾಲೇಜು ಉಪನ್ಯಾಸಕಿ. ಟೆಸ್ಟ್ ಪೇಪರುಗಳ ಕಟ್ಟು ಹೊತ್ತುಕೊಂಡು ನಾನೂ ಹೋದೆ. ಸಿಂಚನಳಿಗೆ ಆಗ ಹನ್ನೊಂದು. ಬೆಳಿಗ್ಗೆ ಹಿತ್ತಲಿನಿಂದ ಬರುವ ನಾಲ್ಕು ಮೆಟ್ಟಿಲು ಹತ್ತಿ ಬಾಗಿಲು ಹಿಡಿದು ನಿಂತಳು. ನನ್ನ ಬಾಯಿ ಜಾರಿತು.

"ಅತ್ತಿಗೆ, ಸಿಂಚನ ಸ್ವಲ್ಪ ದಪ್ಪ ಆಗಿದಾಳೆ ಅಲ್ವೇನ್ರಿ. ಒಂದ್ಸಲ ಡಾಕ್ಟರಿಗೆ ತೋರಿಸಿದ್ರೆ ಒಳ್ಳೇದು."

ಕಾವಲಿಯ ಮೇಲೆ ದೋಸೆ ಹುಯ್ಯುತ್ತಿದ್ದ ಅತ್ತಿಗೆಯ ಕೈ ನಿಂತಿತು. ಅವ್ವ ನನ್ನತ್ತ ನೋಡಲಿಲ್ಲ.

"ಅಮಾಸೆ ದಿನ ಇಂಥ ಮಾತು ಆಡ್ತಾರೇನೆ. ಓದಿದಾಳಂತೆ ಓದಿದಾಳೆ" ಅಂದಳು.

ನನಗೆ ಮಕ್ಕಳಿಲ್ಲ. ಅಂಥ ಹೆಂಗಸು ಮಕ್ಕಳನ್ನು ಹೊಗಳಬಾರದು, ತೆಗಳಬಾರದು, ಹಬ್ಬಕ್ಕೆ ಬಟ್ಟೆ ತಂದುಕೊಟ್ಟು ಸುಮ್ಮನಿರಬೇಕು. ಆ ಶಿಸ್ತು ನನಗೆ ಚೆನ್ನಾಗಿಯೇ ಅಭ್ಯಾಸವಾಗಿತ್ತು. ಅಂದು ಹೇಗೆ ತಪ್ಪಿತೋ ತಿಳಿಯದು.

ಮಧ್ಯಾಹ್ನ ಊಟವಾಯಿತು. ಕರೆಂಟು ಹೋಯಿತು. ಪಡಸಾಲೆಯ ಚಾಪೆಯ ಮೇಲೆ ಸಿಂಚನ ಅಂಗಾತ ಮಲಗಿ ಗೊರಕೆ ಹೊಡೆಯತೊಡಗಿದಳು. ಅವ್ವನಿಗೆ ಅದೊಂದು ಸಂಗೀತ. "ಹೊಟ್ಟೆ ತುಂಬ ಉಂಡು ನಿದ್ದೆ ಮಾಡ್ತೈತೆ ನೋಡು ಕೂಸು" ಎಂದು ಹೇಳಿ ಒಳಗೆ ಹೋಗಿ ತಾನೂ ಮಲಗಿದಳು. ನಾನು ಕಂಬಕ್ಕೆ ಒರಗಿ ಪೇಪರು ತಿದ್ದುತ್ತಿದ್ದೆ.

ಗೊರಕೆ ನಿಂತಿತು. ಸದ್ಯ ಎಂದುಕೊಂಡು ಇನ್ನೊಂದು ಹಾಳೆ ತಿರುವಿದೆ. ಆಮೇಲೆ ಆ ಮೌನ ತುಸು ಉದ್ದವಾಯಿತು ಅನ್ನಿಸಿ ತಲೆಯೆತ್ತಿದೆ. ಅವಳ ಎದೆ ಏಳುತ್ತಿತ್ತು, ಹೊಟ್ಟೆ ಒಳಗೆಳೆದುಕೊಳ್ಳುತ್ತಿತ್ತು, ಆದರೆ ಸದ್ದಿಲ್ಲ. ಮುಚ್ಚಿದ ಬಾಗಿಲನ್ನು ಯಾರೋ ಒಳಗಿನಿಂದ ತಳ್ಳುತ್ತಿದ್ದ ಹಾಗೆ. ಮೂಗಿನ ಹತ್ತಿರ ಬೆರಳು ಹಿಡಿದೆ. ಗಾಳಿಯಿಲ್ಲ. ತುಟಿಯ ಬಣ್ಣ ಬೇರೆಯಾಗಿತ್ತು. ಹೆಸರು ಕೂಗಿದೆನೋ, ಕೂಗಿದೆನೆಂದು ಅಂದುಕೊಂಡೆನೋ. ಭುಜ ಹಿಡಿದು ಅಲುಗಿಸಿದೆ. ನೀರಿನಿಂದ ಮೇಲೆದ್ದವಳಂತೆ ಒಂದು ಸಲ ಗಟ್ಟಿಯಾಗಿ ಉಸಿರೆಳೆದುಕೊಂಡಳು, ಕಣ್ಣು ಬಿಟ್ಟು ನನ್ನನ್ನು ಗುರುತಿಸದೆ ನೋಡಿದಳು, ಮತ್ತೆ ಮಲಗಿದಳು. ಮತ್ತೆ ಗೊರಕೆ. ನಾನು ಪಕ್ಕದಲ್ಲೇ ಕೂತೆ. ಸ್ವಲ್ಪ ಹೊತ್ತಿಗೆ ಮತ್ತೆ ಅದೇ ಮೌನ. ಇವತ್ತಿಗೂ ತರಗತಿಯಲ್ಲಿ ಇದ್ದಕ್ಕಿದ್ದಂತೆ ಎಲ್ಲರೂ ಸುಮ್ಮನಾದರೆ ನನ್ನ ಕೈ ತಣ್ಣಗಾಗುತ್ತದೆ.

ಎಲ್ಲರನ್ನೂ ಎಬ್ಬಿಸಿದೆ. ಅಷ್ಟರಲ್ಲಿ ಸಿಂಚನ ಎದ್ದು ಕೂತು, ತಲೆನೋವು ಎನ್ನುತ್ತ ಬಿಸ್ಕತ್ತು ಕೇಳುತ್ತಿದ್ದಳು. ಅತ್ತಿಗೆ ಅವಳನ್ನು ತಬ್ಬಿಕೊಂಡು, ನನ್ನ ಕಡೆ ನೋಡದೆ, "ಬೆಳಿಗ್ಗೆ ಆಡಿದ್ರಲ್ಲ, ಸಂಜೆಯೊಳಗೆ ತಾಗ್ತು" ಅಂದರು. ಅವ್ವ ಉಪ್ಪು, ಮೆಣಸಿನಕಾಯಿ ನಿವಾಳಿಸಿ ಒಲೆಗೆ ಹಾಕಿದಳು. ಘಾಟು ಬರಲಿಲ್ಲ. ಬರದಿದ್ದರೆ ದೃಷ್ಟಿ ಜೋರಾಗಿದೆ ಎಂದು ಅರ್ಥ. ಇಬ್ಬರೂ ನನ್ನನ್ನು ನೋಡಿದರು. ಮಗುವೂ ನೋಡಿತು.

ಎಂ.ಎ. ಮಾಡಿದವಳು ನಾನು. ಆದರೂ ಒಂದು ಕ್ಷಣ ನನ್ನ ಕಣ್ಣಿನ ಮೇಲೆಯೇ ನನಗೆ ಅನುಮಾನ ಬಂತು. ಅದಕ್ಕಿಂತ ದೊಡ್ಡ ಭಯ ಇನ್ನೊಂದಿತ್ತು. ಅತ್ತಿಗೆ ಮಾರನೇ ದಿನ ಸಂಜೆ ಹೊರಟುಬಿಡುತ್ತಾರೆ. ದೃಷ್ಟಿ ತೆಗೆದದ್ದಾಯಿತು ಎಂದುಕೊಂಡು ಡಾಕ್ಟರ ಮನೆಗೆ ಹೋಗುವುದಿಲ್ಲ. ಆ ಮೂರನೇ ಮಹಡಿಯಲ್ಲಿ ಈ ಹುಡುಗಿ ಮಲಗಿದಾಗ ಆ ಬಾಗಿಲು ಮತ್ತೆ ಮುಚ್ಚಿಕೊಳ್ಳುತ್ತದೆ. ಎಲ್ಲರೂ ಒಳ್ಳೆಯ ನಿದ್ದೆ ಅನ್ನುತ್ತಾರೆ.

ಬೆಳಿಗ್ಗೆ ಅತ್ತಿಗೆಯ ಬೆನ್ನಿಗೆ ಹೇಳಿದೆ, ಮುಖ ತೋರಿಸುತ್ತಿರಲಿಲ್ಲವಲ್ಲ. "ನನ್ನ ಕಣ್ಣೇ ತಾಗೈತೆ ಅಂತ ಇಟ್ಕೊಳ್ರಿ. ನಾನು ಮಧ್ಯಾಹ್ನ ಮನೆಯಲ್ಲೇ ಇರಲ್ಲ. ನೀವೊಬ್ರೇ ಅವಳ ಪಕ್ಕ ಕೂತ್ಕೊಳ್ರಿ, ಮಲಗಬೇಡ್ರಿ. ಅಷ್ಟೇ ಕೇಳಾದು."

ನಾನು ಊಟ ಮುಗಿಸಿ ಉರಿಬಿಸಿಲಿನಲ್ಲಿ ಹೊರಗೆ ಹೋಗಿ ಎದುರುಗಡೆಯ ಬೇವಿನ ಮರದ ಕೆಳಗೆ ನಿಂತೆ. ನೆರಮನೆಯವರು ಯಾಕೆ ಎಂದು ಕೇಳಿದರು. ಗಾಳಿಗೆ, ಅಂದೆ. ಒಂದೆಲೆಯೂ ಅಲುಗುತ್ತಿರಲಿಲ್ಲ. ಅಲ್ಲಿಗೂ ಗೊರಕೆ ಸಣ್ಣಗೆ ಕೇಳಿಸುತ್ತಿತ್ತು. ನಿಂತಿತು. ಓಡಬೇಕೆಂದ ಕಾಲನ್ನು ಹಿಡಿದುಕೊಂಡೆ.

"ಬರ್ರಿ ಇಲ್ಲಿ" ಎಂದು ಒಳಗಿನಿಂದ ಅತ್ತಿಗೆಯ ದನಿ ಬಂತು. "ಬರ್ರಿ, ಬೇಗ ಬರ್ರಿ, ನೀವೇ ಬರ್ರಿ."

ಅಂದು ಸಂಜೆಯ ಬಸ್ಸಿಗೆ ಮೂವರೂ ಹೊರಟೆವು. ದಾರಿಯುದ್ದಕ್ಕೂ ಅತ್ತಿಗೆ ನನ್ನ ಕೈ ಬಿಡಲಿಲ್ಲ, ಹುಡುಗಿಯನ್ನು ಮಲಗಲೂ ಬಿಡಲಿಲ್ಲ. ದಾವಣಗೆರೆಯ ಡಾಕ್ಟರು ಮೂಗಿನ ಹಿಂದೆ ಬೆಳೆದಿದ್ದ ಮಾಂಸದ ಬಗ್ಗೆ ಹೇಳಿದರು, ಅದನ್ನು ತೆಗೆಯಬೇಕೆಂದರು. ಆಮೇಲೆ ನೇರವಾಗಿ, "ತೂಕ ಬಹಳ ಆಗಿದೆಯಮ್ಮ, ಗಂಟಲಿನ ಸುತ್ತ ಕೊಬ್ಬು ಒತ್ತುತ್ತೆ. ಇಂಥ ಮಕ್ಕಳು ಈಗ ದಿನಾ ಬರ್ತಾರೆ" ಅಂದರು. ಅತ್ತಿಗೆ ತಲೆಯಾಡಿಸಿದರು. ಫೀಸು ತಗೊಂಡು ಆಡಿದ ಮಾತಿಗೆ ದೃಷ್ಟಿ ಇಲ್ಲವೆಂದು ಕಾಣುತ್ತದೆ.

ಆಪರೇಷನ್ ಆಯಿತು. ವ್ಯಾನು ಬಿಡಿಸಿದರು. ತಾಯಿ ಮಗಳು ಶಾಲೆಗೆ ನಡೆದುಕೊಂಡೇ ಹೋಗತೊಡಗಿದರು, ಮೊದಮೊದಲು ಅತ್ತಿಗೆಗೇ ಹೆಚ್ಚು ಏದುಸಿರು. ಬೇಕರಿ ಪೂರ್ತಿ ನಿಂತಿಲ್ಲ, ವಾರಕ್ಕೊಮ್ಮೆ ಖಾರಾ ಬನ್ನು ನಡೆದಿದೆ. ಹುಡುಗಿ ಕಡ್ಡಿಯೇನೂ ಆಗಿಲ್ಲ, ಆಗಬೇಕಾಗಿಯೂ ಇಲ್ಲ. ಮೊದಲೆಲ್ಲ ತರಗತಿಯಲ್ಲಿ ತೂಕಡಿಸುತ್ತಿದ್ದಳಂತೆ, ಅದು ನಿಂತಿದೆ. ಹೋದ ವರ್ಷ ನಲ್ಲೂರಿನಲ್ಲಿ ಯಾರೋ ವಾಡಿಕೆಯಂತೆ "ಎಷ್ಟು ಸೊರಗ್ಯಾಳೆ" ಅಂದರು. ಅತ್ತಿಗೆ ಸೆರಗು ಸಿಕ್ಕಿಸಿಕೊಂಡು, "ಹೂಂ ರೀ, ನಾನೇ ಸೊರಗಿಸೀನಿ. ಹೋಳಿಗೆ ಒಂದೇ ಹಾಕ್ರಿ" ಅಂದುಬಿಟ್ಟರು. ಬಡಿಸುವವರು ಪಾತ್ರೆ ಹಿಡಿದುಕೊಂಡು ಹಾಗೇ ನಿಂತರು.

ಈ ಭಾನುವಾರ ಸಿಂಚನ ಹೊನ್ನಾಳಿಗೆ ನನ್ನ ಮನೆಗೆ ಬಂದಿದ್ದಳು. ಈಗ ಹದಿಮೂರು. ಊಟ ಮಾಡಿ ಇಬ್ಬರೂ ಮಲಗಿದೆವು. ಅವಳದು ಈಗ ಸದ್ದಿಲ್ಲದ ನಿದ್ದೆ, ಅದೇ ನನ್ನ ಕಷ್ಟ. ಎರಡು ಸಲ ಎದ್ದು ನೋಡಿದೆ. ಆಮೇಲೆ ಯಾವಾಗಲೋ ಕಣ್ಣು ಹತ್ತಿತು.

ಎಚ್ಚರವಾದಾಗ ನನ್ನ ಮೂಗಿನ ಕೆಳಗೆ ಒಂದು ಬೆರಳು. ಸಿಂಚನ ಬಗ್ಗಿ ಕೂತಿದ್ದಳು.

"ಏನೇ ಇದು?"

"ನೀನು ಗೊರಕೆ ಹೊಡೀತಿದ್ದೆ ಅತ್ತೆ. ಮಧ್ಯೆ ನಿಂತೋಯ್ತು."

"ಎಷ್ಟೊತ್ತು?"

"ನಂಗೆ ಭಯ ಆಗೋಷ್ಟು."

ಅವಳು ನನ್ನನ್ನು ತಲೆಯಿಂದ ಕಾಲಿನವರೆಗೆ ನೋಡಿದಳು. "ಅತ್ತೆ, ನೀನು ದಪ್ಪ ಆಗಿದೀಯ" ಅಂದಳು.

ಇಷ್ಟು ವರ್ಷದಲ್ಲಿ ನನಗೆ ಆ ಮಾತನ್ನು ಯಾರೂ ಹೇಳಿರಲಿಲ್ಲ. ಕೇಳಿ ಎಂಥ ನೆಮ್ಮದಿಯಾಯಿತೆಂದು ನಿಮಗೆ ಹೇಗೆ ತಿಳಿಸಲಿ. ನನ್ನ ಉಸಿರನ್ನು ಕಾಯಲು ಒಬ್ಬಳು ಕೂತಿದ್ದಳು.

"ಏಳು, ಚಪ್ಪಲಿ ಹಾಕ್ಕೋ. ಹೊಳೆ ತನಕ ಹೋಗಿಬರೋಣ. ನಾಳೆ ಡಾಕ್ಟರ ಹತ್ರ. ಅಮ್ಮನಿಗೆ ಫೋನ್ ಮಾಡಿ ಹೇಳಿಯಾಯ್ತು" ಅಂದಳು.

ಹೊರಟೆವು. ಅವಳು ಮುಂದೆ, ನಾನು ಹಿಂದೆ. ಪ್ರತಿ ತಿರುವಿನಲ್ಲೂ ನಿಂತು, ನಾನು ಹತ್ತಿರ ಬರುವವರೆಗೆ ಕಾದು, ಮತ್ತೆ ನಡೆಯುತ್ತಿದ್ದಳು.