ಹಸಿರು ಹೆಬ್ಬಾವಿಗೊಂದು ಕೊಂಬೆ

ಗೆಳೆಯನೊಬ್ಬ ತಾನು ಸಾಕಿದ್ದ ಹಸಿರು ಮರಹೆಬ್ಬಾವನ್ನು ಕಾಗದಪತ್ರದ ಸಮೇತ ನನಗೆ ಕೊಡಲು ಒಪ್ಪಿದ. ಚಳ್ಳಕೆರೆಯ ನಮ್ಮ ಮನೆಯಲ್ಲಿ ಅದಕ್ಕೊಂದು ಗಾಜಿನ ಗೂಡು ಮಾಡಲು ಕೂತೆ. ಮಳೆಕಾಡಿನ ಹಾವು ಅದು, ನಮ್ಮೂರಿನ ಒಣಗಾಳಿ ಅದಕ್ಕಾಗದು. ತೇವ ನಿಲ್ಲಲೆಂದು ತಳಕ್ಕೆ ತೆಂಗಿನ ನಾರು ಹಾಸಿದೆ, ಮೇಲೊಂದು ಬಿಸಿ ಕೊಡುವ ದೀಪ ಕಟ್ಟಿದೆ. ಹಾವು ಸುತ್ತಿಕೊಂಡು ಕೂರಲು ಅಡ್ಡಲಾಗಿ ಒಂದು ಕೊಂಬೆ ಮಾತ್ರ ಬೇಕಿತ್ತು.

"ವರವು ಕಾವಲ್ ಕಡೆ ಹೋಗಾಣ ನಡಿ, ಕಮರದ ಮರದ ಕೊಂಬೆ ಸಿಗ್ತಾವೆ," ಎಂದ ಅಪ್ಪ. ಪ್ರಾಯದಲ್ಲೆಲ್ಲ ಅಲ್ಲಿಯೇ ಕುರಿ ಮೇಯಿಸಿದವನು. ಆ ಹುಲ್ಲುಗಾವಲಿಗೆ ಸರ್ಕಾರದ ಬೇಲಿ ಬಂದ ಮೇಲೆ ಕುರಿ ಮಾರಿ ನನ್ನ ಜೊತೆ ಇದ್ದ.

ಬೇಲಿಯ ಹೊರಗೇ ಒಣಗಿದ ಕೊಂಬೆಯೊಂದು ಸಿಕ್ಕಿತು. ನಾನು ಅದನ್ನು ಬೈಕಿಗೆ ಕಟ್ಟುವಷ್ಟರಲ್ಲಿ ಅಪ್ಪ ಬೇಲಿಯ ತಂತಿ ಹಿಡಿದು ನಿಂತುಬಿಟ್ಟಿದ್ದ.

"ಅಗೋ, ಆ ದಿಬ್ಬದ ಹಿಂದೆ ಒಂದು ಕಟ್ಟೆ ಐತೆ. ಕುರಿ ಎಲ್ಲಾ ಅಲ್ಲೇ ನೀರು ಕುಡೀತಿದ್ವು."

ಅಲ್ಲಿಂದ ಕಟ್ಟೆ ಕಾಣುತ್ತಿರಲಿಲ್ಲ. ಆದರೂ ಅವನು ಆ ಕಡೆಯೇ ನೋಡುತ್ತಿದ್ದ.

ಕೊಂಬೆ ತೊಳೆದು ಒಣಗಿಸಿ ಗೂಡಿನಲ್ಲಿ ಕೂರಿಸಿದೆ. ಹಾವು ಬಂದ ಸಂಜೆಯೇ ಅದಕ್ಕೆ ಸುತ್ತಿಕೊಂಡು, ಸುರುಳಿಯ ನಡುವೆ ತಲೆಯಿಟ್ಟು ಮಲಗಿತು.

"ಇದಕ್ಕೆ ಅದರ ಕಾಡು ನೆನಪಾಗಲ್ವೇನಲೇ?" ಎಂದು ಅಪ್ಪ ಕೇಳಿದ.

"ಇದು ಹುಟ್ಟಿದ್ದೇ ಗೂಡಿನಾಗೆ ಅಪ್ಪ. ಕಾಡು ಕಂಡೇ ಇಲ್ಲ."

"ಪುಣ್ಯ ಮಾಡೈತೆ," ಎಂದವನು ಬಹಳ ಹೊತ್ತು ಗಾಜಿನ ಮುಂದೆ ಕೂತ. ಆಮೇಲೆ ನನ್ನ ಮುಖ ನೋಡದೆ, "ಇನ್ನೊಂದು ಕೊಂಬೆ ಬೇಕಾಗ್ತೈತೇನೋ, ನಾಳೆ ಹೋಗಿ ಬರಾಣ?" ಎಂದ.

ಬೇಕಿರಲಿಲ್ಲ. ಬೈಕಿಗೆ ಪೆಟ್ರೋಲ್ ಹಾಕಿಸಿಕೊಂಡು ಬಂದೆ.