ಗೋಡೆಗೆ ಬಿದ್ದ ಚರೆ

ತಮಿಳು ಸೀಮೆಯ ಓಡೈಪಟ್ಟಿಯ ದ್ರಾಕ್ಷಿ ಬೆಳೆಗಾರರಲ್ಲಿ ಬಾಲಮುರುಗನ್‌ನಷ್ಟು ಶಿಸ್ತಿನ ಮನುಷ್ಯ ಬೇರೊಬ್ಬನಿರಲಿಲ್ಲ. ಮಿಂದು, ಕುಲದೇವಿಗೆ ದೀಪವಿಟ್ಟು, ಹಣೆಗೆ ವಿಭೂತಿ ಧರಿಸಿದ ಮೇಲೆಯೇ ಅವನು ಕೋವಿಯನ್ನು ಮುಟ್ಟುತ್ತಿದ್ದುದು.

ಅವನ ಬಳಿ ಎರಡು ಕೋವಿಗಳಿದ್ದವು. ಒಂದು ತಾನು ಕೊಂಡದ್ದು, ಇನ್ನೊಂದು ಗತಿಸಿದ ಅಣ್ಣನದು. ಅದರ ಪರವಾನಗಿ ಅವನ ಹೆಸರಿಗಾಗಲೆಂದು ಸಹಿ ಹಾಕಿಕೊಟ್ಟವಳು ಅಣ್ಣನ ಹೆಂಡತಿ ರಂಗಮ್ಮಾಳ್. ಗಂಡು ದಿಕ್ಕಿಲ್ಲದ ತನ್ನ ಮನೆಗೆ ಮೈದುನನ ಕೋವಿಯೇ ಕಾವಲೆಂದು ನಂಬಿದ್ದವಳು.

ಆಸ್ತಿ ಪಾಲಾದಾಗ ಊರ ಹಿರಿಯರು ಹಳೆಯ ಮನೆಯ ಒಳಭಾಗವನ್ನು ಅವಳಿಗೂ, ತೋಟದತ್ತ ಮುಖ ಮಾಡಿದ, ಗಾರೆ ಮೆತ್ತಿದ ಕಲ್ಲುಗೋಡೆಯನ್ನು ಅವನಿಗೂ ಬರೆದಿದ್ದರು. ಹಣ್ಣಿನ ಪೆಟ್ಟಿಗೆಗಳಿಗೆ ಜಾಗ ಸಾಲದೆ ಅವನು ಮನೆಯನ್ನೇ ಕೇಳಿದ. ಅವಳು ಒಲ್ಲೆನೆಂದಳು. ಮರುದಿನ ಬೆಳಿಗ್ಗೆಯೇ ಆ ಗೋಡೆಯ ಮೇಲೆ ಕೋವಿಗಳ ಪರೀಕ್ಷೆ ಮೊದಲಾಯಿತು.

ನಳಿಗೆಯ ಬಾಯಿಗೆ ತಿರುಪಿ ಕೂರಿಸುವ ಚೋಕ್ ಎಂಬ ಕಿರುಕೊಳವೆ ಬಿಗಿಯಾದಷ್ಟೂ ತೋಟಾದೊಳಗಿನ ಸೀಸದ ಕಾಳು, ಅಂದರೆ ಚರೆ, ಒತ್ತಾಗಿ ಬೀಳುತ್ತದೆ, ಸಡಿಲವಾದಷ್ಟೂ ಹರಡುತ್ತದೆ. ಅಣ್ಣನ ಕೋವಿಯದು ಹುಟ್ಟಿನಿಂದಲೇ ಬಿಗಿದ ಬಾಯಿ. ಯಾವ ಕೋವಿಗೆ ಯಾವ ಚೋಕ್, ಯಾವ ತೋಟಾ ಕೂಡಿದರೆ ದ್ರಾಕ್ಷಿಗೆ ಬರುವ ಹಕ್ಕಿ ನುಸುಳುವಷ್ಟು ಸಂದೂ ಉಳಿಯದೆಂಬುದು ಅವನ ನಿಜವಾದ ಜಿಜ್ಞಾಸೆಯೂ ಆಗಿತ್ತು. ಹೆಂಡತಿ ಜೆಯಂತಿ ಇದ್ದಿಲಿನಿಂದ ವೃತ್ತ ಬರೆದು ತೂತುಗಳನ್ನೆಣಿಸುವಳು. ಒಳಗೆ ನಾಗಂದಿಗೆಯ ಪಾತ್ರೆಗಳು ಉರುಳುವ ಸದ್ದು ಕೇಳಿಸುವುದು.

ತೂತುಗಳನ್ನು ನೋಡಲಾರದೆ ರಂಗಮ್ಮಾಳ್ ಗೋಡೆಗೆ ಸುಣ್ಣ ಬಳಿದಳು.

“ಜೆಯಂತೀ, ಬಾರೇ! ಅಣ್ಣಿ ನಮ್ಗೆ ತೂತ್ ಎಣ್ಸಾಕೆ ಹೊಸ ಕಾಗ್ದ ಅಂಟ್ಸವ್ರೆ,” ಎಂದು ಅವನು ನಕ್ಕ. ಮನೆಮಾತು ಕನ್ನಡವಾದರೂ ಅತ್ತಿಗೆಯನ್ನು ಅವನು ತಮಿಳರಂತೆ ಅಣ್ಣಿ ಎಂದೇ ಕರೆಯುವುದು.

ಕೊನೆಗೆ ಅವಳು ಅದೇ ಗೋಡೆಯ ನಡುವೆ ಅರಿಶಿನ ಕುಂಕುಮಗಳಿಂದ ಕುಲದೇವಿಯ ಮುಖವನ್ನು ಬರೆದಳು. ದೇವಿಗೆ ಗುರಿಯಿಡುವ ಕೈ ತಮ್ಮ ಕುಲದಲ್ಲಿ ಹುಟ್ಟಿಲ್ಲವೆಂಬುದು ಅವಳ ದೃಢ ನಂಬಿಕೆ.

ಬಾಲಮುರುಗನ್ ಬಂದು ನೋಡಿದ. ಕೋವಿಯನ್ನು ಬೇಲಿಗೊರಗಿಸಿ, ಚಪ್ಪಲಿ ಕಳಚಿ, ಕಣ್ಮುಚ್ಚಿ ಕೈಮುಗಿದ. ಬಾಗಿಲ ಸಂದಿನಿಂದ ಅದನ್ನು ಕಂಡ ರಂಗಮ್ಮಾಳ್ ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತ ಹೊರಗೆ ಬಂದಳು.

“ಸಾಕು ತಂಬೀ. ತಾಯಿ ಬಂದು ಕುಂತವ್ಳೆ. ಇನ್ನ ಬಿಟ್ಬುಡಪ್ಪಾ.”

ಅವನು ಚಪ್ಪಲಿ ಮೆಟ್ಟಿಕೊಂಡ.

“ಕುಂತಿರ್ಲಿ ಅಣ್ಣಿ. ಇಷ್ಟ್ ದಿನ ಗುರಿ ಇಡಾಕೆ ಒಂದ್ ಗುರ್ತೇ ಇರ್ಲಿಲ್ಲ. ಒಸಿ ಪಕ್ಕಕ್ ಬನ್ನಿ, ಚರೆ ತಾಕೀತು.”

ಅಣ್ಣನ ಕೋವಿಯನ್ನೇ ಎತ್ತಿ ಹಾರಿಸಿದ. ಹೊಗೆ ತಿಳಿಯಾದಾಗ ದೇವಿಯ ಎರಡು ಕಣ್ಣುಗಳೂ ಉಳಿದಿರಲಿಲ್ಲ.

ಇದ್ದಿಲು ಹಿಡಿದ ಜೆಯಂತಿ ಹಿಂಜರಿದಳು. “ತಾಯಿ ಮೊಕದ್ ಮ್ಯಾಲೆ ಗೀಚಾದಾ?”

“ಮೊಕ ಬಿಟ್ಟು ಸುತ್ತಾ ಗೀಚು. ಒಳಗಿರಾ ತೂತ್ ಎಣ್ಸು.”

ಅವಳು ಗೀಚಿದಳು, ಎಣಿಸಿದಳು. ಕೋವಿ ತೋಟಾಗಳ ಯಾವ ಜೋಡಿಯಲ್ಲಿಯೂ ಅದುವರೆಗೆ ಚರೆ ಅಷ್ಟು ಒತ್ತಾಗಿ ಬಿದ್ದಿರಲಿಲ್ಲ.

ಆ ಮಧ್ಯಾಹ್ನವೇ ರಂಗಮ್ಮಾಳ್ ಬೀಗದ ಕೈಯನ್ನು ಅವನ ಮುಂದಿಟ್ಟು, ಕಾಮಯಗೌಂಡನ್‌ಪಟ್ಟಿಯ ತಂಗಿಯ ಮನೆಗೆ ಹೊರಟಳು. ಅವಳ ಟ್ರಂಕನ್ನು ಅವನೇ ಹೊತ್ತು ಬಸ್ಸಿಗೇರಿಸಿದ. ಕಿಟಕಿಯ ಪಕ್ಕದ ಸೀಟು ಹಿಡಿದುಕೊಟ್ಟು, ನಾಲ್ಕು ಜನರೆದುರು ಕಾಲಿಗೆರಗಿದ. ಅವಳು ಕಾಲನ್ನು ಹಿಂದಕ್ಕೆಳೆದುಕೊಂಡಳು.

ಮರಳಿ ಬಂದು ಬೀಗ ತೆಗೆದ. ಗೋಡೆಯ ಪಕ್ಕದ ಕೋಣೆ ಬರಿದಾಗಿತ್ತು. ಎಷ್ಟು ದಿನಗಳಿಂದಲೋ ಅವಳು ಅಡುಗೆಮನೆಯ ಮೂಲೆಯಲ್ಲಿ, ಒಲೆಗೂ ರುಬ್ಬುವ ಕಲ್ಲಿಗೂ ನಡುವೆ, ಮೈಮುದುಡಿ ಮಲಗುತ್ತಿದ್ದ ಚಾಪೆ ಅಲ್ಲೇ ಬಿದ್ದಿತ್ತು. ಬಾಲಮುರುಗನ್ ಅದನ್ನು ಕಾಲಿನಿಂದ ಸರಿಸಿ, ಪೆಟ್ಟಿಗೆಗಳನ್ನು ಯಾವ ಕಡೆಯಿಂದ ಜೋಡಿಸುವುದೆಂದು ಮೊಳ ಹಾಕತೊಡಗಿದ.